ಲೆಮನ್-ಲೈಮ್ ಸೋಡಾ ಕೇಕ್: ಗುಳ್ಳೆ ನಂಬಬೇಡಿ, ಬೆಣ್ಣೆ ನಂಬಿ

ಲೆಮನ್-ಲೈಮ್ ಸೋಡಾ, ಅಂದರೆ ಸೆವೆನ್ ಅಪ್ ಥರದ ನಿಂಬೆ ರುಚಿಯ ಸಿಹಿ ತಂಪು ಪಾನೀಯ, ಹಾಕಿ ಕೇಕ್ ಮಾಡ್ತಾರೆ ಅಂದ ಕೂಡಲೇ ಎಲ್ಲರೂ ಹಾಕುವ ಲೆಕ್ಕ ಒಂದೇ. ಸೋಡಾದಲ್ಲಿ ಗುಳ್ಳೆ ಇದೆ, ಗುಳ್ಳೆಯಿಂದ ಕೇಕ್ ಉಬ್ಬುತ್ತದೆ, ಹಾಗಾಗಿ ಬಾಟಲಿ ಎಷ್ಟು ಹೊಸದೋ ಕೇಕ್ ಅಷ್ಟು ಹಗುರ. ಕೇಳೋಕೆ ಚೆನ್ನಾಗಿದೆ, ಆದರೆ ಓವನ್ನಿನಲ್ಲಿ ನಡೆಯೋದು ಬೇರೆ. ಈ ಕೇಕ್ ಉಬ್ಬುವುದು ಬೆಣ್ಣೆ ಮತ್ತು ಸಕ್ಕರೆಯನ್ನು ನೀವು ಎಷ್ಟು ಹೊತ್ತು, ಯಾವ ಹದದಲ್ಲಿ ಬೀಟ್ ಮಾಡಿದಿರಿ ಅನ್ನುವುದರ ಮೇಲೆ. ನಿಂಬೆಯ ಘಮ ಬರುವುದು ಸಿಪ್ಪೆಯ ತುರಿಯಿಂದ. ಸೋಡಾ ಕೊಡುವುದು ಪಸೆ, ಸ್ವಲ್ಪ ಸಿಹಿ, ಸ್ವಲ್ಪ ಹುಳಿ. ಇಷ್ಟು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನ ಪ್ರತಿ ಹೆಜ್ಜೆ ಯಾಕೆ ಹಾಗಿದೆ ಅಂತ ತಾನಾಗೇ ಅರ್ಥ ಆಗುತ್ತದೆ.

ಇದು ಮೂಲದಲ್ಲಿ ಅಮೆರಿಕದ ಪೌಂಡ್ ಕೇಕ್, ಅದರಲ್ಲೂ ದಕ್ಷಿಣದ ರಾಜ್ಯಗಳ ಮನೆಗಳಲ್ಲಿ ತುಂಬಾ ಬಳಕೆಯದು. ಹಳೆಯ ಪೌಂಡ್ ಕೇಕಿಗೆ ಬೆಣ್ಣೆ, ಸಕ್ಕರೆ, ಮೊಟ್ಟೆ, ಹಿಟ್ಟು ಒಂದೊಂದು ಪೌಂಡ್, ಅಂದರೆ ಸುಮಾರು 454 ಗ್ರಾಂ. ಅದರಲ್ಲಿ ಬೇಕಿಂಗ್ ಪೌಡರ್ ಇರಲಿಲ್ಲ. ಸೆವೆನ್ ಅಪ್ ಬಂದದ್ದು 1929ರಲ್ಲಿ, ಸೇಂಟ್ ಲೂಯಿಸ್‌ನ ಚಾರ್ಲ್ಸ್ ಲೈಪರ್ ಗ್ರಿಗ್ ತಯಾರಿಸಿದ್ದು. ಆಮೇಲಿನ ಪೌಂಡ್ ಕೇಕುಗಳಲ್ಲಿ ಹಾಲು ಹಾಕುತ್ತಿದ್ದ ಜಾಗಕ್ಕೆ ಸೋಡಾ ಬಂದು ಕೂತಿತು. ಉಳಿದ ವಿಧಾನ ಹಾಗೇ ಉಳಿಯಿತು.

ಸೋಡಾ ಏನು ಮಾಡುತ್ತೆ, ಏನು ಮಾಡಲ್ಲ

ತಂಪು ಪಾನೀಯದ ಬಾಟಲಿಯಲ್ಲಿ ದ್ರವದ ಗಾತ್ರಕ್ಕಿಂತ ಮೂರು-ನಾಲ್ಕು ಪಟ್ಟು ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ. ಜಾಸ್ತಿನೇ ಅಲ್ವಾ? ಆದರೆ ಮುಚ್ಚಳ ತೆಗೆದ ಕ್ಷಣದಿಂದ ಅದು ಹೊರಟುಹೋಗೋಕೆ ಶುರು. ಲೋಟಕ್ಕೆ ಸುರಿದಾಗ ಒಂದಷ್ಟು ಹೋಯಿತು, ಹಿಟ್ಟಿನ ಮೇಲೆ ಬಿದ್ದಾಗ ನೊರೆ ಬಂದು ಮತ್ತಷ್ಟು, ಸ್ಪ್ಯಾಚುಲಾ ಆಡಿಸುವಾಗ ಇನ್ನಷ್ಟು. ಓವನ್ ಸೇರುವ ಹೊತ್ತಿಗೆ ಉಳಿಯುವುದು ಬಹಳ ಕಡಿಮೆ. ಗ್ಯಾಸ್ ಹೋದ ಸೋಡಾ ಹಾಕಿ ಮಾಡಿದ ಕೇಕನ್ನೂ ಹೊಸ ಬಾಟಲಿ ಒಡೆದು ಮಾಡಿದ ಕೇಕನ್ನೂ ಪಕ್ಕದಲ್ಲಿಟ್ಟರೆ ಎತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ.

ಹಾಗಾದರೆ ನೀರು ಹಾಕಿದರೆ ಆಗಲ್ವಾ? ಕೇಕ್ ಆಗುತ್ತದೆ, ಆದರೆ ಈ ಕೇಕ್ ಆಗುವುದಿಲ್ಲ. ಸೋಡಾದಲ್ಲಿ ಸಿಟ್ರಿಕ್ ಆಮ್ಲ ಇದೆ, ಪಿಹೆಚ್ 3ರ ಆಸುಪಾಸು. ಇಷ್ಟೊಂದು ಸಕ್ಕರೆ, ಬೆಣ್ಣೆ ಇರುವ ಕೇಕಿಗೆ ಆ ಹುಳಿ ಬೇಕೇ ಬೇಕು, ಇಲ್ಲದಿದ್ದರೆ ಎರಡನೇ ತುಂಡು ತಿನ್ನೋಕಾಗಲ್ಲ. ಹಾಲಿನಲ್ಲಿರುವ ಪ್ರೋಟೀನ್ ಮತ್ತು ಕೊಬ್ಬು ಸೋಡಾದಲ್ಲಿ ಇಲ್ಲ, ಹಾಗಾಗಿ ನಿಂಬೆಯ ರುಚಿ ಮಂಕಾಗದೆ ಎದ್ದು ಬರುತ್ತದೆ.

ಡಯೆಟ್ ಸೋಡಾ ನಡೆಯುತ್ತಾ ಅಂತ ಕೇಳುವವರು ಇದ್ದೇ ಇರುತ್ತಾರೆ. ನಡೆಯುತ್ತದೆ. ಆದರೆ ಅದರಿಂದ ಉಳಿಯುವ ಸಕ್ಕರೆ 20 ಗ್ರಾಂನಷ್ಟು ಮಾತ್ರ, ಕೇಕಿನಲ್ಲಿ ಹೇಗೂ ಅರ್ಧ ಕೆಜಿಗಿಂತ ಜಾಸ್ತಿ ಸಕ್ಕರೆ ಇದೆ. ಅಷ್ಟಕ್ಕೆ ಯಾಕೆ ಒದ್ದಾಟ. ಕೆಲವು ಡಯೆಟ್ ಸೋಡಾಗಳಲ್ಲಿರುವ ಆಸ್ಪರ್ಟೇಮ್ ಬಿಸಿಗೆ ಒಡೆದು ಸಿಹಿಯನ್ನೂ ಕಳೆದುಕೊಳ್ಳುತ್ತದೆ.

ಒಂದು ಎಚ್ಚರಿಕೆ. ಇಲ್ಲಿ ಸೋಡಾ ಅಂದರೆ ಕುಡಿಯುವ ಸಿಹಿ ಸೋಡಾ. ಅಡುಗೆ ಸೋಡಾ ಬೇಕಾದ ಕಡೆ ಅಡುಗೆ ಸೋಡಾ ಅಂತಲೇ ಬರೆದಿದ್ದೇನೆ.

ಬೇಕಾಗುವ ಸಾಮಾನು

ಈ ಅಳತೆ ಒಂದು ದೊಡ್ಡ ಬಂಡ್ಟ್ ಪ್ಯಾನಿಗೆ (ನಡುವೆ ಕೊಳವೆ ಇರುವ ಟಿನ್, ಸುಮಾರು 2.8 ಲೀಟರ್ ಹಿಡಿಯುವುದು) ಅಥವಾ ಎರಡು ಲೋಫ್ (ಬ್ರೆಡ್ ಆಕಾರದ ಉದ್ದನೆಯ) ಟಿನ್‌ಗೆ ಸರಿಹೋಗುತ್ತದೆ.

- ಉಪ್ಪಿಲ್ಲದ ಬೆಣ್ಣೆ: 340 ಗ್ರಾಂ
- ಸಕ್ಕರೆ, ಸಣ್ಣ ಹರಳಿನದು: 550 ಗ್ರಾಂ
- ದೊಡ್ಡ ಮೊಟ್ಟೆ: 5 (ಸಿಪ್ಪೆ ತೆಗೆದ ಮೇಲೆ 250 ಗ್ರಾಂ ಇರಬೇಕು)
- ಮೈದಾ: 375 ಗ್ರಾಂ
- ಲೆಮನ್-ಲೈಮ್ ಸೋಡಾ: 180 ಮಿಲಿ
- 3 ನಿಂಬೆಹಣ್ಣಿನ ಸಿಪ್ಪೆಯ ತುರಿ, ಸಿಕ್ಕರೆ 2 ಹಸಿರು ಲೈಮ್‌ನದೂ
- ನಿಂಬೆರಸ: 1 ಟೇಬಲ್ ಚಮಚ
- ಉಪ್ಪು: ಅರ್ಧ ಟೀ ಚಮಚ
- ಬೇಕಿಂಗ್ ಪೌಡರ್: ಮುಕ್ಕಾಲು ಟೀ ಚಮಚ, ಕೈಯಲ್ಲೇ ಬೀಟ್ ಮಾಡುವವರಿಗೆ ಮಾತ್ರ

ದಯವಿಟ್ಟು ತೂಕ ಮಾಡಿ. ಕಪ್ಪಿನ ಲೆಕ್ಕದಲ್ಲಿ ಮೈದಾ ಯಾವತ್ತೂ ಮೋಸ ಮಾಡುತ್ತದೆ. ಡಬ್ಬದಿಂದ ಒತ್ತಿ ತುಂಬಿದ ಕಪ್ಪಿಗೂ ಚಮಚದಲ್ಲಿ ಉದುರಿಸಿ ತುಂಬಿದ ಕಪ್ಪಿಗೂ 30 ಗ್ರಾಂವರೆಗೆ ವ್ಯತ್ಯಾಸ ಬರಬಹುದು, ಮೂರು ಕಪ್ಪಿಗೆ ಅದೇ 90 ಗ್ರಾಂ ಆಯಿತು, ಕೇಕ್ ಒಣಗಿ ಬಿರಿಯೋಕೆ ಅಷ್ಟು ಸಾಕು.

ಕೇಕ್ ಇನ್ನೂ ಮೃದು ಬೇಕು ಅಂದರೆ 375 ಗ್ರಾಂ ಮೈದಾದಲ್ಲಿ 45 ಗ್ರಾಂ ತೆಗೆದು ಅಷ್ಟೇ ಕಾರ್ನ್‌ಫ್ಲೋರ್ ಸೇರಿಸಿ. ಸಕ್ಕರೆ ಕಡಿಮೆ ಮಾಡಬೇಕು ಅನ್ನಿಸಿದರೆ 450 ಗ್ರಾಂವರೆಗೆ ಇಳಿಸಬಹುದು. ಅದಕ್ಕಿಂತ ಕೆಳಗೆ ಹೋಗಬೇಡಿ. ಸಕ್ಕರೆ ಬರೀ ಸಿಹಿಗಾಗಿ ಇಲ್ಲ, ಬೆಣ್ಣೆಯೊಳಗೆ ಗಾಳಿ ಹಿಡಿಸುವುದೂ ಅದೇ, ಕೇಕಿನಲ್ಲಿ ಪಸೆ ಉಳಿಸುವುದೂ ಅದೇ.

ಶುರು ಮಾಡುವ ಮೊದಲು

ಎರಡು ಗಂಟೆ ಮುಂಚೆ ಎಲ್ಲವನ್ನೂ ಫ್ರಿಜ್‌ನಿಂದ ಹೊರಗೆ ತೆಗೆದಿಡಿ. ಬೆಣ್ಣೆ, ಮೊಟ್ಟೆ, ಸೋಡಾ ಮೂರೂ. ಸೋಡಾ ತಣ್ಣಗಿದ್ದರೆ ಗ್ಯಾಸ್ ಹೆಚ್ಚು ಉಳಿಯುತ್ತದೆ ಅನ್ನುವುದು ನಿಜ, ಆದರೆ ಆ ತಣ್ಣನೆ ದ್ರವ ಬೆಣ್ಣೆಗೆ ತಾಗಿದ ಕೂಡಲೇ ಬೆಣ್ಣೆ ಗಟ್ಟಿಯಾಗಿ ಹಿಟ್ಟು ಒಡೆಯುತ್ತದೆ. ಗ್ಯಾಸ್‌ನಿಂದ ಲಾಭವೇ ಇಲ್ಲದಿರುವಾಗ ಈ ನಷ್ಟ ಯಾಕೆ ಮಾಡಿಕೊಳ್ಳಬೇಕು?

ಬೆಣ್ಣೆಯ ಹದ 18ರಿಂದ 20 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಇಲ್ಲದಿದ್ದರೆ ಬೆರಳಿಂದ ಒತ್ತಿ ನೋಡಿ. ಗುಳಿ ಬೀಳಬೇಕು, ಆದರೆ ಬೆರಳು ಜಾರಿ ಒಳಗೆ ಹೋಗಬಾರದು, ಮೇಲ್ಮೈ ಮಿರಿಮಿರಿ ಹೊಳೆಯಬಾರದು. ಹೊಳೆಯುತ್ತಿದೆ ಅಂದರೆ ಕರಗೋಕೆ ಶುರುವಾಗಿದೆ, ಅಂಥ ಬೆಣ್ಣೆಯಲ್ಲಿ ಗಾಳಿ ನಿಲ್ಲುವುದಿಲ್ಲ. ಸೆಕೆಯ ದಿನ ಎರಡು ಗಂಟೆ ಬೇಡ, ಅರ್ಧ ಗಂಟೆಯೇ ಸಾಕಾಗಬಹುದು. ಗಡಿಯಾರ ನೋಡಬೇಡಿ, ಬೆಣ್ಣೆ ನೋಡಿ.

ನಿಂಬೆಹಣ್ಣನ್ನು ಬಿಸಿನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು ಒರೆಸಿ, ಯಾಕೆಂದರೆ ಎಷ್ಟೋ ಹಣ್ಣುಗಳಿಗೆ ಮೇಣ ಬಳಿದಿರುತ್ತಾರೆ. ಸಣ್ಣ ಹಲ್ಲಿನ ತುರಿಮಣೆಯಲ್ಲಿ ಬಣ್ಣದ ಪದರ ಮಾತ್ರ ತುರಿಯಿರಿ. ಒಂದೇ ಜಾಗದಲ್ಲಿ ಒಂದೆರಡು ಸಲ ಎಳೆದು ಹಣ್ಣು ತಿರುಗಿಸಿ. ಕೆಳಗಿನ ಬಿಳಿ ಭಾಗ ಬಂದರೆ ಕಹಿ. ಈ ತುರಿಯನ್ನು ಸಕ್ಕರೆಗೆ ಹಾಕಿ ಬೆರಳ ತುದಿಯಿಂದ ಎರಡು ನಿಮಿಷ ಉಜ್ಜಿ. ಸಕ್ಕರೆ ಒದ್ದೆ ಮರಳಿನ ಹಾಗೆ ಆಗಿ ತಿಳಿ ಹಳದಿಗೆ ತಿರುಗುತ್ತದೆ, ಅಡುಗೆಮನೆಯೆಲ್ಲ ಘಮ್ಮನ್ನುತ್ತದೆ. ಸಿಪ್ಪೆಯಲ್ಲಿರುವ ಎಣ್ಣೆಯ ಸಣ್ಣ ಸಣ್ಣ ಚೀಲಗಳನ್ನು ಸಕ್ಕರೆಯ ಹರಳು ಒಡೆಯುವುದರಿಂದ ಹೀಗೆ. ಈ ಎಣ್ಣೆ ಮುಂದೆ ಬೆಣ್ಣೆಯಲ್ಲಿ ಕರಗಿ ಕೂರುತ್ತದೆ, ಓವನ್ನಿನ ಬಿಸಿಗೂ ತಕ್ಕಮಟ್ಟಿಗೆ ಉಳಿದುಕೊಳ್ಳುತ್ತದೆ. ನಿಂಬೆ ಕೇಕಿನಲ್ಲಿ ನಿಂಬೆಯೇ ಕಾಣಲ್ಲ ಅಂತ ಗೊಣಗುವವರು ಹೆಚ್ಚಾಗಿ ಈ ಕೆಲಸವನ್ನೇ ಬಿಟ್ಟಿರುತ್ತಾರೆ. ಅದನ್ನು ಬಿಟ್ಟು ರಸವನ್ನೇ ಜಾಸ್ತಿ ಹಿಂಡಿದರೆ ಹುಳಿ ಬರುತ್ತದೆ, ಘಮ ಬರುವುದಿಲ್ಲ.

ಮೈದಾ, ಉಪ್ಪು (ಹಾಕುವುದಾದರೆ ಬೇಕಿಂಗ್ ಪೌಡರ್) ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ. ಓವನ್ 160 ಡಿಗ್ರಿಗೆ ಇಟ್ಟು ಬಿಸಿಯಾಗಲು ಬಿಡಿ. ಫ್ಯಾನ್ ಇರುವ ಓವನ್ ಆದರೆ 145.

ಬೆಣ್ಣೆ-ಸಕ್ಕರೆ: ಅವಸರ ಬೇಡ

ಕೇಕಿನ ಹಣೆಬರಹ ನಿರ್ಧಾರ ಆಗುವುದು ಇಲ್ಲಿ. ಬೆಣ್ಣೆಯನ್ನು ಮಾತ್ರ ಮೊದಲು ಒಂದು ನಿಮಿಷ ಬೀಟ್ ಮಾಡಿ. ಆಮೇಲೆ ತುರಿ ಉಜ್ಜಿದ ಸಕ್ಕರೆಯನ್ನು ಮೂರು-ನಾಲ್ಕು ಕಂತಿನಲ್ಲಿ ಸೇರಿಸುತ್ತಾ, ಮಧ್ಯಮ ವೇಗದಲ್ಲಿ, ಒಟ್ಟು ಆರೇಳು ನಿಮಿಷ ಬೀಟ್ ಮಾಡಿ. ಹೌದು, ಅಷ್ಟು ಹೊತ್ತು. ಎರಡು ನಿಮಿಷಕ್ಕೆ ಎಲ್ಲ ಬೆರೆತ ಹಾಗೆ ಕಾಣುತ್ತದೆ, ಅಲ್ಲೇ ನಿಲ್ಲಿಸೋಣ ಅನ್ನಿಸುತ್ತದೆ, ನಿಲ್ಲಿಸಬೇಡಿ.

ಸಕ್ಕರೆಯ ಮೂಲೆ ಮೂಲೆಯ ಹರಳುಗಳು ಬೆಣ್ಣೆಯನ್ನು ಕೊರೆಯುತ್ತಾ ಹೋದ ಹಾಗೆ ಲೆಕ್ಕವಿಲ್ಲದಷ್ಟು ಸಣ್ಣ ಗಾಳಿ ಗುಳ್ಳೆಗಳು ಒಳಗೆ ಸಿಕ್ಕಿಕೊಳ್ಳುತ್ತವೆ. ಓವನ್ನಿನಲ್ಲಿ ಮೊಟ್ಟೆಯ, ಸೋಡಾದ ನೀರು ಆವಿಯಾಗಿ ಈ ಗುಳ್ಳೆಗಳೊಳಗೇ ನುಗ್ಗಿ ಅವನ್ನು ಹಿಗ್ಗಿಸುತ್ತದೆ. ಬೇಕಿಂಗ್ ಪೌಡರ್ ಹಾಕಿದರೂ ಅಷ್ಟೇ, ಅದು ಹೊಸ ಗುಳ್ಳೆ ಹುಟ್ಟಿಸುವುದಿಲ್ಲ, ಇರುವುದನ್ನೇ ದೊಡ್ಡದು ಮಾಡುತ್ತದೆ. ಅಂದರೆ ಬಟ್ಟಲಿನಲ್ಲಿ ಹಿಡಿದಿಟ್ಟ ಗಾಳಿಯೇ ಬಂಡವಾಳ.

ಹದ ಹೇಗೆ ಗೊತ್ತಾಗುತ್ತದೆ? ಬೆಣ್ಣೆಯ ಹಳದಿ ಹೋಗಿ ಕೆನೆಬಣ್ಣ ಬರುತ್ತದೆ. ಗಾತ್ರ ಹೆಚ್ಚಾಗುತ್ತದೆ. ಬೀಟರ್ ಎತ್ತಿದರೆ ಮೆತ್ತಗೆ ತುದಿ ನಿಲ್ಲುತ್ತದೆ. ಚೂರು ತೆಗೆದು ಬೆರಳುಗಳ ನಡುವೆ ತಿಕ್ಕಿದರೆ ಹರಳು ಇನ್ನೂ ಸ್ವಲ್ಪ ಸಿಗುತ್ತದೆ, ಸಿಗಲಿ, ಪೂರ್ತಿ ಕರಗಬೇಕಾಗಿಲ್ಲ. ನಡುನಡುವೆ ಎರಡು ಸಲವಾದರೂ ನಿಲ್ಲಿಸಿ ಬಟ್ಟಲಿನ ಅಂಚು, ತಳ ಕೆರೆದು ಸೇರಿಸಿ. ತಳದಲ್ಲಿ ಕೂತ ಗಟ್ಟಿ ಬೆಣ್ಣೆ ಕೊನೆಗೆ ಕೇಕಿನಲ್ಲಿ ಜಿಡ್ಡಿನ ಗೆರೆಯಾಗಿ ಕಾಣುತ್ತದೆ.

ಇನ್ನು ಮೊಟ್ಟೆ. ಒಂದೊಂದಾಗಿ ಬೇರೆ ಬಟ್ಟಲಿಗೆ ಒಡೆದು ಹಾಕಿ, ಒಂದು ಪೂರ್ತಿ ಬೆರೆತ ಮೇಲೆ, ಅಂದರೆ ಮೂವತ್ತು-ನಲವತ್ತು ಸೆಕೆಂಡ್ ಆದ ಮೇಲೆ, ಮುಂದಿನದು. ನಾಲ್ಕನೆಯದೋ ಐದನೆಯದೋ ಹಾಕುವಾಗ ಮಿಶ್ರಣ ಒಡೆದ ಹಾಲಿನಂತೆ ತರಿತರಿ ಕಂಡರೆ ಗಾಬರಿ ಬೇಡ. ಅಳೆದಿಟ್ಟ ಮೈದಾದಿಂದಲೇ ಎರಡು ಚಮಚ ತೆಗೆದು ಹಾಕಿ, ಕೂಡಿಕೊಳ್ಳುತ್ತದೆ. ಮೊಟ್ಟೆ ತಣ್ಣಗಿದ್ದುದರಿಂದ ಒಡೆದಿದ್ದರೆ ಬಟ್ಟಲನ್ನು ಉಗುರುಬೆಚ್ಚಗಿನ ನೀರಿನ ಮೇಲೆ ಹತ್ತು ಸೆಕೆಂಡ್ ಹಿಡಿದು ಮತ್ತೆ ಬೀಟ್ ಮಾಡಿ. ಕೊನೆಗೆ ನಿಂಬೆರಸ ಹಾಕಿ.

ಹಿಟ್ಟು ಮತ್ತು ಸೋಡಾ

ಇಲ್ಲಿಂದ ಲೆಕ್ಕ ಉಲ್ಟಾ. ಈವರೆಗೆ ಎಷ್ಟು ಬೀಟ್ ಮಾಡಿದರೆ ಅಷ್ಟು ಒಳ್ಳೆಯದಿತ್ತು, ಮೈದಾ ಬಿದ್ದ ಮೇಲೆ ಎಷ್ಟು ಕಡಿಮೆ ಮುಟ್ಟಿದರೆ ಅಷ್ಟು ಒಳ್ಳೆಯದು. ಮೈದಾ ನೀರಿನ ಜೊತೆ ಸೇರಿ ಕಲಸಿದಷ್ಟೂ ಗ್ಲುಟನ್ (ಮೈದಾದ ಪ್ರೋಟೀನಿನಿಂದ ಆಗುವ ಅಂಟು ಜಾಲ) ಬಿಗಿಯಾಗಿ ಕೇಕ್ ರಬ್ಬರ್ ಆಗುತ್ತದೆ.

ಮೈದಾ ಮೂರು ಭಾಗ, ಸೋಡಾ ಎರಡು ಭಾಗ ಮಾಡಿಕೊಳ್ಳಿ. ಮೈದಾ, ಸೋಡಾ, ಮೈದಾ, ಸೋಡಾ, ಮೈದಾ, ಈ ಕ್ರಮದಲ್ಲಿ, ಬೀಟರ್‌ನ ಅತಿ ಕಡಿಮೆ ವೇಗದಲ್ಲಿ ಸೇರಿಸಿ. ಮೈದಾದಿಂದಲೇ ಶುರು ಮಾಡಲು ಕಾರಣ ಇದೆ. ಮೊದಲ ಕಂತಿನ ಮೈದಾ ಕೊಬ್ಬಿನ ಜೊತೆ ಸೇರಿ ದಪ್ಪಗಾಗಿ, ಆಮೇಲೆ ಬರುವ ಸೋಡಾವನ್ನು ಹಿಡಿದುಕೊಳ್ಳುತ್ತದೆ. ಸೋಡಾ ಸುರಿದಾಗ ಬುಸ್ ಅಂತ ನೊರೆ ಬಂದು ಅಂಚಿನವರೆಗೆ ಏರುತ್ತದೆ, ಹಾಗಾಗಿ ದೊಡ್ಡ ಬಟ್ಟಲು ತಗೊಳ್ಳಿ. ಅಳೆಯುವಾಗಲೂ ನೊರೆ ಇಳಿದ ಮೇಲೆ ಗೆರೆ ನೋಡಿ, ಇಲ್ಲದಿದ್ದರೆ 180 ಮಿಲಿ ಅಂದುಕೊಂಡದ್ದು 150 ಇರುತ್ತದೆ. ಕೊನೆಯ ಕಂತಿನ ಮೈದಾವನ್ನು ಕೈಯಲ್ಲಿ ಸ್ಪ್ಯಾಚುಲಾ ಹಿಡಿದೇ ಬೆರೆಸಿ. ಬಿಳಿ ಹಿಟ್ಟು ಕಾಣದಿದ್ದರೆ ಸಾಕು, ನಿಲ್ಲಿಸಿ. ಬ್ಯಾಟರ್ ದಪ್ಪಗೆ, ನುಣ್ಣಗೆ ಇರುತ್ತದೆ, ಸ್ಪ್ಯಾಚುಲಾದಿಂದ ನಿಧಾನವಾಗಿ ಜಾರುತ್ತದೆ.

ಟಿನ್, ಓವನ್

ಬಂಡ್ಟ್ ಪ್ಯಾನ್‌ನ ಏರುತಗ್ಗು ನೋಡೋಕೆ ಚೆಂದ, ಕೇಕ್ ಬಿಡಿಸೋಕೆ ಕಷ್ಟ. ಮೆತ್ತಗಿನ ಬೆಣ್ಣೆಯನ್ನು ಬ್ರಷ್‌ನಿಂದ ಪ್ರತಿ ಸಂದಿಗೂ, ನಡುವಿನ ಕೊಳವೆಗೂ ಹಚ್ಚಿ ಮೇಲೆ ಮೈದಾ ಉದುರಿಸಿ ಟಿನ್ ತಿರುಗಿಸುತ್ತಾ ಹರಡಿ, ಹೆಚ್ಚಾದದ್ದನ್ನು ಕೊಡವಿ. ಇದನ್ನು ಬ್ಯಾಟರ್ ತಯಾರಾದ ಮೇಲೆ, ಸುರಿಯುವ ಮುಂಚೆಯಷ್ಟೇ ಮಾಡಿ. ಮೊದಲೇ ಹಚ್ಚಿಟ್ಟರೆ ಬೆಣ್ಣೆ ಇಳಿದು ತಳದಲ್ಲಿ ಸೇರುತ್ತದೆ. ಲೋಫ್ ಟಿನ್ ಆದರೆ ಬೆಣ್ಣೆ ಕಾಗದ ಹಾಸಿದರೆ ಮುಗಿಯಿತು.

ಟಿನ್ನಿನ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ಉಳಿದರೆ ಸಣ್ಣ ಕಪ್‌ಗಳಲ್ಲಿ ಬೇಯಿಸಿ. ಓವನ್ನಿನ ನಡುವಿನ ತಟ್ಟೆಯ ಮೇಲಿಡಿ. ಬಂಡ್ಟ್ ಆದರೆ 70ರಿಂದ 85 ನಿಮಿಷ, ಲೋಫ್ ಆದರೆ 55ರಿಂದ 65. ಮೊದಲ 45 ನಿಮಿಷ ಬಾಗಿಲು ತೆಗೆಯಲೇಬೇಡಿ. ಒಳಗಿನ ಭಾಗ ಇನ್ನೂ ದ್ರವವಾಗಿರುವಾಗ ತಣ್ಣನೆ ಗಾಳಿ ಹೊಕ್ಕರೆ ಗುಳ್ಳೆಗಳು ಕುಗ್ಗಿ ನಡುವೆ ಕುಸಿಯುತ್ತದೆ, ಆಮೇಲೆ ಎದ್ದೇಳುವುದಿಲ್ಲ. ಮೇಲ್ಭಾಗ ಬೇಗ ಕೆಂಪಾಗುತ್ತಿದ್ದರೆ ಒಂದು ಗಂಟೆಯ ಹೊತ್ತಿಗೆ ಫಾಯಿಲ್ ಹಾಳೆ ಸಡಿಲವಾಗಿ ಮುಚ್ಚಿ.

ಬೆಂದಿದೆಯಾ ನೋಡೋಕೆ ಉದ್ದ ಕಡ್ಡಿ ಬೇಕು, ಟೂತ್‌ಪಿಕ್ ತಳ ಮುಟ್ಟಲ್ಲ. ಅಂಚಿಗೂ ಕೊಳವೆಗೂ ನಡುವೆ ಚುಚ್ಚಿ. ಒದ್ದೆ ಬ್ಯಾಟರ್ ಅಂಟಿದರೆ ಇನ್ನೂ ಹತ್ತು ನಿಮಿಷ. ಒಂದೆರಡು ತೇವದ ಪುಡಿ ಅಂಟಿದರೆ ಸರಿಯಾದ ಹದ. ಕಡ್ಡಿ ಒಣಗಿ ಫಳಫಳ ಬರುವವರೆಗೆ ಕಾದರೆ ಸ್ವಲ್ಪ ಜಾಸ್ತಿಯೇ ಬೆಂದಿರುತ್ತದೆ. ಥರ್ಮಾಮೀಟರ್ ಇದ್ದವರಿಗೆ ಕೆಲಸ ಸುಲಭ, ನಡುವೆ 97-98 ಡಿಗ್ರಿ ತೋರಿಸಿದರೆ ತೆಗೆಯಿರಿ.

ಹೊರಗೆ ತೆಗೆದ ಮೇಲೆ ಟಿನ್ನಿನಲ್ಲೇ 12-15 ನಿಮಿಷ ಬಿಡಿ. ತಕ್ಷಣ ಮಗುಚಿದರೆ ಒಡೆಯುತ್ತದೆ, ಪೂರ್ತಿ ಆರಲು ಬಿಟ್ಟರೆ ಬೆಣ್ಣೆ-ಸಕ್ಕರೆ ಗಟ್ಟಿಯಾಗಿ ಟಿನ್ನಿಗೆ ಅಂಟಿಕೊಳ್ಳುತ್ತದೆ. ಮೇಲೆ ತಂತಿ ಜಾಲರಿ ಇಟ್ಟು ಒಟ್ಟಿಗೆ ಹಿಡಿದು ಮಗುಚಿ. ಬೀಳದಿದ್ದರೆ ಚಾಕು ಹಾಕಿ ಎಬ್ಬಬೇಡಿ. ಮಗುಚಿದ ಟಿನ್ನಿನ ಮೇಲೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಹಾಕಿ ಐದು ನಿಮಿಷ ಬಿಡಿ, ತಟ್ಟಿದರೆ ಬೀಳುತ್ತದೆ.

ಪಾಕ ಮತ್ತು ಗ್ಲೇಜ್

ಸೋಡಾದ ರುಚಿ ನಿಜಕ್ಕೂ ನಾಲಿಗೆಗೆ ಸಿಗಬೇಕಾದರೆ ಜಾಗ ಇದೇ, ಬೇಯದ ಭಾಗದಲ್ಲಿ. 60 ಮಿಲಿ ಸೋಡಾ, 50 ಗ್ರಾಂ ಸಕ್ಕರೆ ಸೇರಿಸಿ ಸಕ್ಕರೆ ಕರಗುವಷ್ಟು ಬಿಸಿ ಮಾಡಿ, ಇಳಿಸಿ, ಎರಡು ಚಮಚ ನಿಂಬೆರಸ ಬೆರೆಸಿ. ಕೇಕ್ ಬಿಸಿ ಇರುವಾಗಲೇ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ ಬ್ರಷ್‌ನಲ್ಲಿ ಹಚ್ಚಿ. ಒಮ್ಮೆಲೇ ಸುರಿಯಬೇಡಿ, ಒಂದೇ ಕಡೆ ಇಂಗಿ ಮುದ್ದೆಯಾಗುತ್ತದೆ.

ಗ್ಲೇಜ್‌ಗೆ (ಕೇಕಿನ ಮೇಲೆ ಸುರಿಯುವ ಸಕ್ಕರೆ ಲೇಪ) 200 ಗ್ರಾಂ ಐಸಿಂಗ್ ಶುಗರ್, ಒಂದು ಚಿಟಿಕೆ ಉಪ್ಪು, ನಿಂಬೆರಸ ಎರಡು ಟೇಬಲ್ ಚಮಚ. ಕಲಸಿ ನೋಡಿ, ಗಟ್ಟಿ ಅನ್ನಿಸಿದರೆ ಅರ್ಧರ್ಧ ಚಮಚ ಸೋಡಾ ಸೇರಿಸಿ. ಚಮಚದಿಂದ ಬಿದ್ದ ಎಳೆ ಐದಾರು ಸೆಕೆಂಡ್ ಹಾಗೇ ನಿಂತು ಆಮೇಲೆ ಮಾಯವಾಗಬೇಕು. ಕೇಕ್ ಪೂರ್ತಿ ಆರಿದ ಮೇಲೆಯೇ ಹಾಕಿ, ಬೆಚ್ಚಗಿದ್ದರೆ ಕರಗಿ ತಟ್ಟೆಗೆ ಇಳಿದುಹೋಗುತ್ತದೆ. ಇನ್ನೂ ಒಂದು ಕೈ ಮೇಲೆ ಹೋಗಬೇಕೆಂದರೆ 200 ಮಿಲಿ ಸೋಡಾವನ್ನು ಕುದಿಸಿ ಮೂರು ಚಮಚಕ್ಕೆ ಇಳಿಸಿ ಅದರಲ್ಲೇ ಗ್ಲೇಜ್ ಕಲಸಿ. ಕುದಿಯುವಾಗ ಘಮ ಹಾರಿಹೋಗಿರುತ್ತದೆ, ಹಾಗಾಗಿ ಮೇಲೆ ಚೂರು ತುರಿ ಹಾಕುವುದು ಕಡ್ಡಾಯ.

ಏನೋ ಎಡವಟ್ಟಾದರೆ

ತಳದಲ್ಲಿ ಬೇಯದ ಹಾಗೆ ಕಾಣುವ ಗಟ್ಟಿ, ಅಂಟಂಟು ಪಟ್ಟಿ ಬಂದರೆ ಸಾಮಾನ್ಯವಾಗಿ ಮಿಶ್ರಣ ಒಡೆದಿತ್ತು ಅಥವಾ ಬೇಗ ತೆಗೆದಿರಿ. ಕೇಕಿನಲ್ಲಿ ಉದ್ದುದ್ದ ಸುರಂಗ ಇದ್ದರೆ ಮೈದಾ ಹಾಕಿದ ಮೇಲೆ ಜಾಸ್ತಿ ಬೀಟ್ ಆಗಿದೆ. ಎತ್ತರವೇ ಬರಲಿಲ್ಲ ಅಂದರೆ ಬೆಣ್ಣೆ ಅತಿ ಮೆತ್ತಗಿತ್ತು, ಇಲ್ಲವೇ ಬೀಟ್ ಮಾಡಿದ್ದು ಸಾಲದು. ಸೋಡಾ ಹಳೆಯದಿತ್ತು ಅಂತ ಅದರ ಮೇಲೆ ತಪ್ಪು ಹೊರಿಸುವುದು ಸುಲಭ, ಪಾಪ ಅದರದ್ದೇನೂ ಇಲ್ಲ. ಮೇಲ್ಭಾಗ ಬಿರಿಯುವುದು ಮಾತ್ರ ದೋಷ ಅಲ್ಲ, ಪೌಂಡ್ ಕೇಕ್ ಬಿರಿಯುತ್ತದೆ. ಬಂಡ್ಟ್‌ನಲ್ಲಿ ಮಗುಚಿದಾಗ ಅದು ಹೇಗೂ ಕೆಳಗೆ ಹೋಗುತ್ತದೆ.

ಮೊಟ್ಟೆ ಬೇಡದವರಿಗೆ

ಮೇಲಿನ ಅಳತೆಯಿಂದ ಮೊಟ್ಟೆ ಮಾತ್ರ ತೆಗೆದರೆ ಆಗುವುದಿಲ್ಲ, ಕೇಕನ್ನು ಹಿಡಿದು ನಿಲ್ಲಿಸುವುದೇ ಅದು. ಬೇರೆ ದಾರಿ ಇದೆ. 190 ಗ್ರಾಂ ಮೈದಾ, 175 ಗ್ರಾಂ ಸಕ್ಕರೆ, ಒಂದು ಟೀ ಚಮಚ ಅಡುಗೆ ಸೋಡಾ, ಕಾಲು ಚಮಚ ಉಪ್ಪು, ಎರಡು ನಿಂಬೆಯ ಸಿಪ್ಪೆ ತುರಿ ಒಂದು ಬಟ್ಟಲಲ್ಲಿ. ಇನ್ನೊಂದರಲ್ಲಿ 240 ಮಿಲಿ ಲೆಮನ್-ಲೈಮ್ ಸೋಡಾ, 80 ಮಿಲಿ ವಾಸನೆ ಇಲ್ಲದ ಎಣ್ಣೆ, ಒಂದು ಟೇಬಲ್ ಚಮಚ ನಿಂಬೆರಸ. ಎರಡನ್ನೂ ಸೇರಿಸಿ ಗಂಟಿಲ್ಲದಷ್ಟು ಮಾತ್ರ ಕಲಸಿ, ತಡ ಮಾಡದೆ 20 ಸೆಂಟಿಮೀಟರ್ ಟಿನ್ನಿಗೆ ಸುರಿದು 175 ಡಿಗ್ರಿಯಲ್ಲಿ 30-35 ನಿಮಿಷ ಬೇಯಿಸಿ. ಇಲ್ಲಿ ಹುಳಿ ಮತ್ತು ಅಡುಗೆ ಸೋಡಾ ಸೇರಿದ ಕೂಡಲೇ ಗ್ಯಾಸ್ ಹುಟ್ಟಲು ಶುರುವಾಗುತ್ತದೆ, ತಡ ಮಾಡಿದರೆ ಅದೂ ಹೊರಟುಹೋಗುತ್ತದೆ, ಹಾಗಾಗಿ ಕಲಸುವ ಮೊದಲೇ ಓವನ್ ಬಿಸಿ ಇರಲಿ. ಪೌಂಡ್ ಕೇಕಿನ ತೂಕ, ಬೆಣ್ಣೆಯ ರುಚಿ ಇದರಲ್ಲಿ ಸಿಗಲ್ಲ. ಹಗುರವಾದ, ಒದ್ದೆ ಒದ್ದೆಯಾದ ಸಾದಾ ಕೇಕ್, ಅದಕ್ಕೂ ಇದೇ ಗ್ಲೇಜ್ ಒಪ್ಪುತ್ತದೆ.

ಬೆಣ್ಣೆ ಕೇಕನ್ನು ಮಾಡಿದ ದಿನವೇ ಕತ್ತರಿಸಬೇಕೆಂದೇನೂ ಇಲ್ಲ, ಮಾರನೇ ದಿನಕ್ಕೆ ಪಾಕ ಎಲ್ಲ ಕಡೆ ಹರಡಿ ರುಚಿ ಇನ್ನೂ ಚೆನ್ನಾಗಿರುತ್ತದೆ. ಮುಚ್ಚಿದ ಡಬ್ಬದಲ್ಲಿ ಹೊರಗೇ ಮೂರು ದಿನ ಇರುತ್ತದೆ. ಫ್ರಿಜ್‌ನಲ್ಲಿಟ್ಟರೆ ಬೆಣ್ಣೆ ಗಟ್ಟಿಯಾಗಿ ಒಣಗಿದ ಹಾಗೆ ಅನ್ನಿಸುತ್ತದೆ, ಇಟ್ಟಿದ್ದರೆ ತಿನ್ನುವ ಒಂದು ಗಂಟೆ ಮೊದಲು ತೆಗೆಯಿರಿ. ತುಂಬಾ ದಿನಕ್ಕೆ ಬೇಕಾದರೆ ಗ್ಲೇಜ್ ಹಾಕದೆ, ತುಂಡು ಮಾಡಿ, ಒಂದೊಂದನ್ನೂ ಬಿಗಿಯಾಗಿ ಸುತ್ತಿ ಫ್ರೀಜರ್‌ನಲ್ಲಿಡಿ, ಎರಡು ತಿಂಗಳು ಏನೂ ಆಗುವುದಿಲ್ಲ. ಕರಗಿಸುವಾಗ ಸುತ್ತಿದ್ದನ್ನು ಬಿಚ್ಚಬೇಡಿ. ಹನಿ ನೀರು ಹೊರಗಿನ ಪ್ಲಾಸ್ಟಿಕ್ ಮೇಲೆ ಕೂರಲಿ, ಕೇಕಿನ ಮೇಲೆ ಬೇಡ.